ಗುವಾಂಗ್‌ಝೌನ ಹದಿಮೂರು ಹಾಂಗ್‌ಗಳ ಮ್ಯೂಸಿಯಂ: ಕ್ಯಾಂಟನ್ ಫೇರ್‌ಗೆ ಹೋಗುವವರು ಒಂದು ದಿನ ತೆಗೆದಿಡಿ

ಚೀನಾದ ಗುವಾಂಗ್‌ಝೌನಲ್ಲಿ (ಹಳೇ ಹೆಸರು ಕ್ಯಾಂಟನ್) ನಡೆಯೋ ಕ್ಯಾಂಟನ್ ಫೇರ್ ಅನ್ನೋ ದೊಡ್ಡ ವ್ಯಾಪಾರ ಮೇಳಕ್ಕೆ ಹೋಗುವ ನಮ್ಮ ಕಡೆ ವ್ಯಾಪಾರಿಗಳಿಗೆ ಆ ಊರು ಅಂದ್ರೆ ಮೂರೇ ಜಾಗ. ಏರ್‌ಪೋರ್ಟ್, ಹೋಟೆಲ್ ರೂಮು, ಮೇಳ ನಡೆಯೋ ಪಾಝೌನ ದೊಡ್ಡ ಹಾಲ್‌ಗಳು. ನಾನೂ ಎಷ್ಟೋ ವರ್ಷ ಹಾಗೇ ಬಂದು ಹೋದವನು. ಎಸ್.ಪಿ. ರೋಡ್‌ನಲ್ಲಿ ನಮ್ಮದು ಲೈಟು, ಫ್ಯಾನಿನ ಅಂಗಡಿ. ಬೆಳಗ್ಗೆ ಸ್ಯಾಂಪಲ್ ನೋಡೋದು, ಮಧ್ಯಾಹ್ನ ರೇಟು ಮಾತಾಡೋದು, ರಾತ್ರಿ ಕಾಲು ನೋವಿಗೆ ಬಿಸಿನೀರಲ್ಲಿ ಪಾದ ಇಟ್ಟುಕೊಂಡು ಕೂರೋದು. ಊರು ನೋಡುವ ಯೋಚನೆಯೇ ಬರುತ್ತಿರಲಿಲ್ಲ.

ಈ ಸಲ ಎರಡು ದಿನ ಬಿಡುವು ಸಿಕ್ಕಿತು. ಒಂದು ದಿನ ಹದಿಮೂರು ಹಾಂಗ್‌ಗಳ ಮ್ಯೂಸಿಯಂಗೆ ಕೊಟ್ಟೆ. ಹಾಂಗ್ ಅಂದ್ರೆ ಹಿಂದೆ ವಿದೇಶಿಯರ ಜೊತೆ ವ್ಯಾಪಾರ ಮಾಡುತ್ತಿದ್ದ ಚೀನೀ ವರ್ತಕರ ಮಳಿಗೆ. ಇನ್ನೊಂದು ದಿನ ಅಫೀಮು ಯುದ್ಧದ ಮ್ಯೂಸಿಯಂ ಇರೋ ಹೂಮೆನ್‌ಗೆ ಹೋದೆ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ, ಯಾಕಂದ್ರೆ ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಮೊದಲೇ ಒಂದು ಮಾತು. ಈ ಮ್ಯೂಸಿಯಂಗೆ ನಾನು ಹೋದದ್ದು ಎರಡನೇ ಸಲ. ಮೊದಲ ಸಲ ಒಂದು ಟೂರ್ ಏಜೆನ್ಸಿಯವರ ವ್ಯಾನಿನಲ್ಲಿ ಹೋಗಿದ್ದೆ, ಅವರ ಹೆಸರು ಇಲ್ಲಿ ಬೇಡ. 40 ನಿಮಿಷಕ್ಕೆ ಹೊರಗೆ ಕರೆದುಕೊಂಡು ಬಂದು ಚಹಾ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂರಿಸಿದರು. ದಯವಿಟ್ಟು ನೀವೇ ಹೋಗಿ. ಮೆಟ್ರೋ 6ನೇ ಲೈನ್ ಅಥವಾ 8ನೇ ಲೈನ್‌ನಲ್ಲಿ ಕಲ್ಚರಲ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದರೆ ಪಾರ್ಕ್ ಹತ್ತಿರದಲ್ಲೇ ಇದೆ. ಮ್ಯೂಸಿಯಂ ಅದರ ಒಳಗೇ ಇದೆ. ಟಿಕೆಟ್‌ಗೆ ದುಡ್ಡಿಲ್ಲ. ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿಕೊಂಡು ಹೋಗಿ, ಚೀನೀ ಬರಹದ ಮೇಲೆ ಕ್ಯಾಮೆರಾ ಹಿಡಿದು ಓದುತ್ತಾ ಹೋಗಬಹುದು.

ಪಾರ್ಕ್‌ನಲ್ಲಿ ವಯಸ್ಸಾದವರು ಇಸ್ಪೀಟು ಆಡುತ್ತಾ, ಹಾಡು ಹೇಳುತ್ತಾ ಕೂತಿರುತ್ತಾರೆ. 200 ವರ್ಷದ ಹಿಂದೆ ಇದೇ ಸುತ್ತಮುತ್ತಲ ನೆಲದ ಮೇಲೆ ವಿದೇಶಿ ಕಂಪನಿಗಳ ಕೋಠಿಗಳು ಸಾಲಾಗಿ ನಿಂತಿದ್ದವು. ಮುಂದೆ ಪರ್ಲ್ ನದಿ, ಹಿಂದೆ ಊರಿನ ಗೋಡೆ. ಇಂಗ್ಲಿಷರು, ಡಚ್ಚರು, ಡೇನರು, ಸ್ವೀಡನ್‌ನವರು, ಅಮೆರಿಕದವರು, ಎಲ್ಲರ ಬಾವುಟ ಒಂದೇ ಸಾಲಿನಲ್ಲಿ. 1757ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ ಯುರೋಪಿನವರ ವ್ಯಾಪಾರವೆಲ್ಲ ಈ ಒಂದೇ ಬಂದರಿನಲ್ಲಿ ನಡೆಯಬೇಕು ಅಂತ ಆಜ್ಞೆ ಮಾಡಿದರು. ನಮ್ಮಲ್ಲಿ ಪ್ಲಾಸಿ ಕದನ ನಡೆದದ್ದೂ ಅದೇ ವರ್ಷ. ಅಲ್ಲಿ ಬಾಗಿಲು ಒಂದಕ್ಕೆ ಇಳಿಯಿತು, ಇಲ್ಲಿ ಬಾಗಿಲೇ ಮುರಿಯಿತು.

ಒಳಗೆ ಕಣ್ಣಿಗೆ ಹಬ್ಬ. ಪಿಂಗಾಣಿ, ಬೆಳ್ಳಿ ಸಾಮಾನು, ಕಸೂತಿ, ಬೀಸಣಿಗೆ, ದಂತದ ಕೆತ್ತನೆ, ಬಂದರಿನ ಚಿತ್ರಗಳು. ಎಲ್ಲವೂ ವಿದೇಶಿ ಗಿರಾಕಿಗಳಿಗಾಗಿಯೇ ಮಾಡಿದ ಎಕ್ಸ್‌ಪೋರ್ಟ್ ಮಾಲು. ನಾನು ಜಾಸ್ತಿ ಹೊತ್ತು ನಿಂತದ್ದು ಒಂದು ಊಟದ ತಟ್ಟೆಯ ಮುಂದೆ. ಯುರೋಪಿನ ಯಾವುದೋ ಮನೆತನ ತಮ್ಮ ಲಾಂಛನ ಬರೆಸಿ ತರಿಸಿಕೊಂಡಿದ್ದ ತಟ್ಟೆಯ ಜಾತಿಯದು. ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಚಿನ್ನದ ಗೆರೆ. ಒಂದು ಕಡೆ ಆ ಗೆರೆ ಸವೆದು ಬಿಳಿ ಕಾಣುತ್ತದೆ. ಬಗ್ಗಿ ನೋಡಿದರೆ ನಡುವೆ ಚಾಕು ಎಳೆದ ಗೀರುಗಳು. ಗಾಜಿನ ಪೆಟ್ಟಿಗೆಯಲ್ಲಿ ಇಡೋಕೆ ಮಾಡಿದ್ದಲ್ಲ, ಯಾರೋ ದಿನಾ ಅದರಲ್ಲಿ ಊಟ ಮಾಡಿದ್ದಾರೆ. ಬರೆದವನ ಕುಂಚ ಎಲ್ಲೂ ನಡುಗಿಲ್ಲ. ನಾವು ಇವತ್ತು ಫ್ಯಾನಿನ ಮೇಲೆ ನಮ್ಮ ಬ್ರ್ಯಾಂಡ್ ಹಾಕಿಸಿಕೊಂಡು ಬರೋದೂ ಇದೇ ಕೆಲಸ. ಸ್ಯಾಂಪಲ್ ಕೊಡು, ಹೆಸರು ಹಾಕಿಸು, ಮುಂದಿನ ಹಡಗಿಗೆ ಕಾಯಿ.

ಆದರೆ ನನಗೆ ಬೇಕಾಗಿದ್ದು ತಟ್ಟೆಗಿಂತ ಹಿಂದಿನ ಲೆಕ್ಕ. ಕಾರಣ ಹೇಳುತ್ತೇನೆ.

ನಮ್ಮ ಅಪ್ಪ ಒಂದು ಫ್ಯಾನ್ ಕಂಪನಿಯ ಸೋಲ್ ಏಜೆನ್ಸಿ ಇಟ್ಟುಕೊಂಡಿದ್ದರು. 14 ವರ್ಷ, ನಾಲ್ಕು ಜಿಲ್ಲೆಗೆ. ಹಳ್ಳಿ ಹಳ್ಳಿಯ ಅಂಗಡಿಗೆ ಉದ್ರಿ ಕೊಟ್ಟು ಆ ಹೆಸರನ್ನು ನಿಲ್ಲಿಸಿದವರು ಅವರು. ಒಂದು ದಿನ ಒಂದು ಪುಟದ ಕಾಗದ ಬಂತು. ಏಜೆನ್ಸಿ ಬೇರೆಯವರಿಗೆ ಹೋಯಿತು. ಗೋಡೌನಿನಲ್ಲಿ ಮಾಲು ಉಳಿಯಿತು, ಹಳ್ಳಿ ಅಂಗಡಿಗಳ ಬಾಕಿ ಅಪ್ಪನ ತಲೆಯ ಮೇಲೆ ಉಳಿಯಿತು. ಆ ಬಾಕಿ ತೀರಿಸೋಕೆ ನಮಗೆ ಆರು ವರ್ಷ ಬೇಕಾಯಿತು. ಅಂದಿನಿಂದ ನಾನು ಯಾವ ವ್ಯಾಪಾರದ ಕಥೆ ಓದಿದರೂ ಮೊದಲು ಹುಡುಕೋದು ಒಂದೇ: ಕೊನೆಗೆ ಬಾಕಿ ಯಾರ ಖಾತೆಗೆ ಬಿತ್ತು?

ಹಾಂಗ್ ವ್ಯಾಪಾರಿಗಳ ಪದ್ಧತಿ ನಮ್ಮಂಥವರಿಗೆ ಬೇಗ ಅರ್ಥವಾಗುತ್ತದೆ. ವಿದೇಶಿಯರ ಜೊತೆ ವ್ಯಾಪಾರ ಮಾಡೋ ಲೈಸೆನ್ಸ್ ಬೆರಳೆಣಿಕೆಯ ಚೀನೀ ವರ್ತಕರಿಗೆ ಮಾತ್ರ. ಅವರ ಸಂಘಕ್ಕೆ ಕೋಹಾಂಗ್ ಅಂತ ಹೆಸರು. ಹದಿಮೂರು ಅನ್ನೋದು ಹೆಸರಿಗೆ, ಲೆಕ್ಕ ವರ್ಷ ವರ್ಷ ಹೆಚ್ಚು ಕಡಿಮೆ ಆಗುತ್ತಿತ್ತು. ಬಂದ ಪ್ರತಿ ಹಡಗಿಗೂ ಒಬ್ಬ ಹಾಂಗ್ ವ್ಯಾಪಾರಿ ಜಾಮೀನು ನಿಲ್ಲಬೇಕು. ಹಡಗಿನವರು ಸುಂಕ ಕಟ್ಟದಿದ್ದರೆ ಇವರು ಕಟ್ಟಬೇಕು, ಅವರು ತಪ್ಪು ಮಾಡಿದರೆ ಇವರಿಗೆ ಶಿಕ್ಷೆ. ಒಬ್ಬ ದಿವಾಳಿ ಎದ್ದರೆ ಅವನ ಸಾಲವನ್ನು ಉಳಿದವರೆಲ್ಲ ಹಂಚಿಕೊಂಡು ತೀರಿಸಬೇಕು. ಮೇಲೆ ಕೂತ ಸುಂಕದ ಅಧಿಕಾರಿಗೆ ವಿದೇಶಿಯರು ಹಾಪ್ಪೋ ಅಂತಿದ್ದರು, ಅವರ ಕೈಬೆಚ್ಚಗೂ ಮಾಡಬೇಕು. ಮೊನಾಪಲಿ ಅಂದ ತಕ್ಷಣ ದುಡ್ಡಿನ ಗುಡ್ಡೆ ಅಂತ ಹೊರಗಿನವರಿಗೆ ಅನ್ನಿಸುತ್ತೆ. ಎಷ್ಟೋ ಹಾಂಗ್ ಮನೆತನಗಳು ಸಾಲದಲ್ಲೇ ಮುಳುಗಿ ಹೋದವು.

ಆಚೆ ಬದಿಯಲ್ಲೂ ಮೊನಾಪಲಿಯೇ. ಬ್ರಿಟನ್‌ನಿಂದ ಚೀನಾ ವ್ಯಾಪಾರ ಮಾಡೋ ಹಕ್ಕು ಈಸ್ಟ್ ಇಂಡಿಯಾ ಕಂಪನಿಗೆ ಮಾತ್ರ. ಭಾರತದ ವ್ಯಾಪಾರದ ಮೇಲಿನ ಏಕಸ್ವಾಮ್ಯ 1813ಕ್ಕೇ ಹೋಯಿತು, ಚೀನಾದ್ದು 1833ರ ಕಾಯ್ದೆ ಬರೋ ತನಕ ಉಳಿಯಿತು. ಹೀಗೆ ಮೇಜಿನ ಎರಡೂ ಕಡೆ ಸರ್ಕಾರ ಬರೆದುಕೊಟ್ಟ ಕಾಗದ ಹಿಡಿದವರೇ ಕೂತಿದ್ದರು. ಒಬ್ಬರ ಹತ್ತಿರ ಚಹಾ. ಇನ್ನೊಬ್ಬರ ಹತ್ತಿರ ಕೊಡೋಕೆ ಬೆಳ್ಳಿ ಬಿಟ್ಟು ಹೆಚ್ಚೇನೂ ಇಲ್ಲ. ನಮ್ಮ ಮೈಸೂರು ಸೀಮೆಯ ಗಂಧದ ಮರವೂ ಈ ಬಂದರಿಗೆ ಬರುತ್ತಿತ್ತು, ಬೊಂಬಾಯಿಯ ಹತ್ತಿಯೂ ಬರುತ್ತಿತ್ತು. ಚಹಾದ ಬಿಲ್ಲಿಗೆ ಅದು ಸಾಕಾಗುತ್ತಿರಲಿಲ್ಲ.

ಈಗ ನಮ್ಮ ಓದುಗರು ಕಿವಿಗೊಡಬೇಕಾದ ಮಾತು. ಇದನ್ನು ತಿಳಿದುಕೊಂಡು ಮ್ಯೂಸಿಯಂ ಒಳಗೆ ಹೋದರೆ ನೋಟವೇ ಬೇರೆ.

1784ರಲ್ಲಿ ಟಿಪ್ಪು ಸುಲ್ತಾನರ ಜೊತೆ ಮಂಗಳೂರಿನಲ್ಲಿ ಒಪ್ಪಂದ ಆಯಿತಲ್ವಾ. ಆಗ ಮದರಾಸಿನ ಗವರ್ನರ್ ಆಗಿದ್ದವರು ಜಾರ್ಜ್ ಮ್ಯಾಕಾರ್ಟ್ನಿ. ಅವರು ಕಳಿಸಿದ ಮೂವರು ಕಮಿಷನರುಗಳಲ್ಲಿ ಒಬ್ಬರು ಜಾರ್ಜ್ ಲಿಯೊನಾರ್ಡ್ ಸ್ಟಾಂಟನ್. ಒಂಬತ್ತು ವರ್ಷ ಆದ ಮೇಲೆ, 1793ರಲ್ಲಿ, ಅದೇ ಮ್ಯಾಕಾರ್ಟ್ನಿ ಬ್ರಿಟನ್ ರಾಜನ ರಾಯಭಾರಿಯಾಗಿ ಚೀನಾ ಚಕ್ರವರ್ತಿಯ ಮುಂದೆ ನಿಂತರು. ಕಾರ್ಯದರ್ಶಿ ಅದೇ ಸ್ಟಾಂಟನ್. ರಾಯಭಾರ ರಾಜನ ಹೆಸರಲ್ಲಿ, ಖರ್ಚು ಈಸ್ಟ್ ಇಂಡಿಯಾ ಕಂಪನಿಯದು. ಇನ್ನಷ್ಟು ಬಂದರು ತೆರೆಯಿರಿ, ಮಾಲು ಇಡೋಕೆ ಒಂದು ಸಣ್ಣ ದ್ವೀಪ ಕೊಡಿ, ಬೀಜಿಂಗ್‌ನಲ್ಲಿ ನಮ್ಮವರು ಒಬ್ಬರು ಕಾಯಂ ಇರಲಿ ಅಂತ ಕೇಳಿದರು. ಒಂದೂ ಸಿಗಲಿಲ್ಲ. ನಿಮ್ಮ ದೇಶದ ಸಾಮಾನು ನಮಗೆ ಬೇಕಿಲ್ಲ ಅನ್ನೋ ಅರ್ಥದ ಉತ್ತರ ಚಕ್ರವರ್ತಿಯಿಂದ ಹೋಯಿತು.

ಆ ತಂಡದಲ್ಲಿ ಸ್ಟಾಂಟನ್ ಅವರ ಮಗನೂ ಇದ್ದ. 12 ವರ್ಷದ ಹುಡುಗ. ದಾರಿಯಲ್ಲಿ ಚೀನೀ ಭಾಷೆ ಕಲಿತಿದ್ದ. ಅವನು ಎರಡು ಮಾತಾಡಿದ್ದು ಕೇಳಿ ಚಕ್ರವರ್ತಿಗೆ ಎಷ್ಟು ಖುಷಿಯಾಯಿತು ಅಂದ್ರೆ, ತಮ್ಮ ಸೊಂಟದಲ್ಲಿದ್ದ ರೇಷ್ಮೆ ಚೀಲವನ್ನೇ ಬಿಚ್ಚಿ ಕೊಟ್ಟರು. ಅದೇ ಹುಡುಗ ದೊಡ್ಡವನಾಗಿ ಕ್ಯಾಂಟನ್‌ನಲ್ಲಿ ಕಂಪನಿಯ ಕೆಲಸಕ್ಕೆ ಸೇರಿದ, ಅಲ್ಲಿನ ಕಮಿಟಿಯ ಮುಖ್ಯಸ್ಥನೂ ಆದ. 1840ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಚೀನಾ ಯುದ್ಧದ, ಅಂದ್ರೆ ಅಫೀಮು ಯುದ್ಧದ, ಚರ್ಚೆ ನಡೆದಾಗ ಎದ್ದು ನಿಂತು ಸರ್ಕಾರದ ಪರವಾಗಿ ಮಾತಾಡಿದ ಸದಸ್ಯರಲ್ಲಿ ಅವರೂ ಒಬ್ಬರು. ಬಂದರಿನ ಚಿತ್ರಗಳ ಮುಂದೆ ನಿಂತಾಗ ನನಗೆ ಆ ಚೀಲವೇ ನೆನಪಾಗುತ್ತಿತ್ತು. ಅಪ್ಪ ಮಂಗಳೂರಿನಲ್ಲಿ, ಮಗ ಇಲ್ಲಿ. ಒಂದೇ ಕಂಪನಿಯ ಖಾತೆ.

ಮಧ್ಯಾಹ್ನ ಊಟಕ್ಕೆ ಹೊರಗೆ ಬಂದೆ. ಹತ್ತಿರದಲ್ಲೇ ಶಿಸಾನ್‌ಹಾಂಗ್ ರಸ್ತೆ, ಅಂದ್ರೆ ಹದಿಮೂರು ಹಾಂಗ್ ರಸ್ತೆ. ಈಗ ಅದು ಬಟ್ಟೆಯ ಹೋಲ್‌ಸೇಲ್ ಮಾರುಕಟ್ಟೆ. ಕಪ್ಪು ಪ್ಲಾಸ್ಟಿಕ್ ಮೂಟೆಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಓಡುವ ಹುಡುಗರು, ಫುಟ್‌ಪಾತ್ ಮೇಲೇ ಕೂತು ಬಿಲ್ ಬರೆಯುವ ಹೆಂಗಸರು. ನಮ್ಮ ಚಿಕ್ಕಪೇಟೆಯೇ. ಸಸ್ಯಾಹಾರಿಗಳು ಜೇಬಲ್ಲಿ ಏನಾದರೂ ಇಟ್ಟುಕೊಂಡು ಹೋಗಿ. ನಾನು ಚಟ್ನಿಪುಡಿ, ಚಪಾತಿ ಕಟ್ಟಿಕೊಂಡು ಹೋಗಿದ್ದೆ, ಪಾರ್ಕ್ ಬೆಂಚಿನ ಮೇಲೆ ತಿಂದೆ.

ಮಾರನೇ ದಿನ ಹೂಮೆನ್. ಗುವಾಂಗ್‌ಝೌ ಸೌತ್ ಸ್ಟೇಷನ್‌ನಿಂದ ಫಾಸ್ಟ್ ಟ್ರೇನಿನಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿಂದ ಟ್ಯಾಕ್ಸಿ. ಡ್ರೈವರ್‌ಗೆ ತೋರಿಸೋಕೆ ಅಫೀಮು ಯುದ್ಧ ಮ್ಯೂಸಿಯಂ ಅಂತ ಚೀನೀ ಅಕ್ಷರದಲ್ಲಿ ಫೋನಿನಲ್ಲಿ ಇಟ್ಟುಕೊಳ್ಳಿ. ಇಲ್ಲಿಯೂ ದುಡ್ಡಿಲ್ಲ.

ಒಳಗೆ ಎರಡು ದೊಡ್ಡ ಚೌಕ ಕೊಳಗಳಿವೆ. ನಮ್ಮ ಕಲ್ಯಾಣಿಯಷ್ಟು ಅಗಲ, ಮೆಟ್ಟಿಲಿಲ್ಲ. ನೀರು ಹಸಿರು, ಅಲುಗಾಟ ಇಲ್ಲ. 1839ರ ಜೂನ್ 3ರಿಂದ ಮೂರು ವಾರಕ್ಕೂ ಹೆಚ್ಚು ಕಾಲ ಇಲ್ಲಿ ಅಫೀಮನ್ನು ಕರಗಿಸಿದರು. ಸುಟ್ಟಿದ್ದಲ್ಲ. ಸುಟ್ಟರೆ ರಸ ನೆಲಕ್ಕೆ ಇಂಗುತ್ತೆ, ಜನ ಮಣ್ಣು ಅಗೆದು ತೆಗೆಯುತ್ತಾರೆ. ಅದಕ್ಕೇ ಕೊಳಕ್ಕೆ ನೀರು ಬಿಟ್ಟು, ಉಪ್ಪು ಸುರಿದು, ಉಂಡೆಗಳನ್ನು ಒಡೆದು ಹಾಕಿ, ಮೇಲೆ ಸುಣ್ಣ ಹಾಕಿದರು. ಸುಣ್ಣ ಕುದಿಯುತ್ತಿದ್ದ ಹಾಗೆ ಆಳುಗಳು ಕಲಕಿದರು. ಆಮೇಲೆ ತೂಬು ತೆಗೆದು ಸಮುದ್ರದ ಕಡೆಗೆ ಬಿಟ್ಟರು. ಮಾಡಿಸಿದವರು ಬೀಜಿಂಗ್‌ನಿಂದ ಬಂದ ಕಮಿಷನರ್ ಲಿನ್ ಝೆಶು. ಈ ವಿಷ ನಿನ್ನ ನೀರಿಗೆ ಬರ್ತಿದೆ, ನಿನ್ನ ಜೀವಿಗಳನ್ನು ದೂರ ಕಳಿಸು ಅಂತ ಅವರು ಮೊದಲೇ ಸಮುದ್ರ ದೇವರಿಗೆ ಪ್ರಾರ್ಥನೆ ಬರೆದಿದ್ದರು. ಕೊಳದ ಅಂಚಿನಲ್ಲಿ ನಿಂತಾಗ ಆ ಪ್ರಾರ್ಥನೆ ನೆನೆದು ಗಂಟಲು ಕಟ್ಟಿತು. ಮೀನಿನ ಮೇಲೂ ಅವರಿಗೆ ಕನಿಕರ ಇತ್ತು.

20,283 ಪೆಟ್ಟಿಗೆ. ಇಷ್ಟು ಅಫೀಮು ಬಂದದ್ದು ನಮ್ಮ ದೇಶದಿಂದ. ಗಂಗೆಯ ಬಯಲಿನ ಪಟ್ನಾ, ಘಾಜಿಪುರದ ಕಾರ್ಖಾನೆಗಳಿಂದ, ಮತ್ತೆ ಮಾಳವದಿಂದ. ಬಂಗಾಳದ ಅಫೀಮಿನ ಏಕಸ್ವಾಮ್ಯವನ್ನು 1773ರಲ್ಲೇ ಕಂಪನಿ ತನ್ನ ಕೈಗೆ ತೆಗೆದುಕೊಂಡಿತ್ತು. ರೈತನಿಗೆ ಮುಂಗಡ ಕೊಟ್ಟು ಗಸಗಸೆ ಗಿಡ ಹಾಕಿಸೋದು. ಬೆಳೆದದ್ದನ್ನು ಕಂಪನಿಗೇ ಕೊಡಬೇಕು, ಕಂಪನಿ ಹೇಳಿದ ರೇಟಿಗೇ ಕೊಡಬೇಕು. ಒಂದೊಂದು ಪೆಟ್ಟಿಗೆಯಲ್ಲಿ 40 ಉಂಡೆ. ಕಲ್ಕತ್ತಾದಲ್ಲಿ ಹರಾಜು. ಅಲ್ಲಿಂದ ಮುಂದೆ ಕಂಪನಿಯ ಹಡಗಿನಲ್ಲಿ ಹೋಗುವುದಿಲ್ಲ. ಚೀನಾದಲ್ಲಿ ಅಫೀಮಿಗೆ ನಿಷೇಧ ಇತ್ತು, ಚಹಾದ ಲೈಸೆನ್ಸ್‌ಗೆ ಕುತ್ತು ಬರಬಾರದಲ್ವಾ? ಅದಕ್ಕೇ ಖಾಸಗಿ ವ್ಯಾಪಾರಿಗಳು ಕೊಂಡು ತಮ್ಮ ಹಡಗಿನಲ್ಲಿ ಸಾಗಿಸುತ್ತಿದ್ದರು. ಅವರಲ್ಲಿ ಸ್ಕಾಟ್ಲೆಂಡಿನವರೂ ಇದ್ದರು, ಬೊಂಬಾಯಿಯ ಪಾರಸಿಗಳೂ ಇದ್ದರು.

ಇಲ್ಲಿ ಒಂದು ಘಟನೆಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಬೇಕು. ಲಿನ್ 1839ರ ಮಾರ್ಚ್‌ನಲ್ಲಿ ಬಂದು ಅಫೀಮು ಒಪ್ಪಿಸಿ ಅಂದಾಗ ಮಾರುಕಟ್ಟೆ ಬಿದ್ದುಹೋಗಿತ್ತು. ಮಾಲು ತೆಗೆಯುವವರಿಲ್ಲ. ವ್ಯಾಪಾರಿಗಳ ಕೈಯಲ್ಲಿ ಸತ್ತ ಸ್ಟಾಕು. ಆಗ ಬ್ರಿಟಿಷ್ ಸರ್ಕಾರದ ಪ್ರತಿನಿಧಿ ಚಾರ್ಲ್ಸ್ ಎಲಿಯಟ್ ಒಂದು ಆದೇಶ ಹೊರಡಿಸಿದರು. ನಿಮ್ಮ ಅಫೀಮನ್ನೆಲ್ಲ ರಾಣಿಯ ಸರ್ಕಾರದ ಪರವಾಗಿ ನನಗೆ ಒಪ್ಪಿಸಿ, ನಾನು ಚೀನೀಯರಿಗೆ ಕೊಡುತ್ತೇನೆ ಅಂತ. ವ್ಯಾಪಾರಿಗಳು ಒಂದು ಪೆಟ್ಟಿಗೆಯನ್ನೂ ಹಿಂದಿಡದೆ ಒಪ್ಪಿಸಿದರು, ರಸೀದಿ ತೆಗೆದುಕೊಂಡರು. ಆ ರಸೀದಿ ಕೈಗೆ ಬಂದ ಕ್ಷಣಕ್ಕೆ ಕಳ್ಳಮಾಲು ರಾಣಿಯ ಮಾಲಾಯಿತು. ಲಿನ್ ಕೊಳಕ್ಕೆ ಸುರಿದದ್ದು ಯಾರೋ ದಲ್ಲಾಳಿಯ ಸ್ಟಾಕನ್ನಲ್ಲ, ಬ್ರಿಟಿಷ್ ಸರ್ಕಾರದ ಆಸ್ತಿಯನ್ನು. ಗೋಡೌನಿನಲ್ಲಿ ಉಳಿದ ಮಾಲಿನ ಸಂಕಟ ನನಗೆ ಗೊತ್ತು. ಅದನ್ನು ಒಂದು ದೇಶವೇ ತನ್ನ ಖಾತೆಗೆ ಬರೆದುಕೊಳ್ಳುತ್ತೆ ಅಂದ್ರೆ ಯಾವ ವ್ಯಾಪಾರಿ ಬೇಡ ಅಂತಾನೆ?

ಸ್ಕಾಟ್ಲೆಂಡಿನ ದೊಡ್ಡ ಅಫೀಮು ವ್ಯಾಪಾರಿ ವಿಲಿಯಂ ಜಾರ್ಡಿನ್ ಅಷ್ಟರಲ್ಲಿ ಚೀನಾ ಬಿಟ್ಟು ಹೊರಟಾಗಿತ್ತು. ಲಂಡನ್ ಸೇರಿ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಅವರನ್ನು ಕಂಡು ಯುದ್ಧ ಹೇಗೆ ಮಾಡಬೇಕು ಅಂತ ಸಲಹೆ ಕೊಟ್ಟರು. ಸಂಸತ್ತಿನಲ್ಲಿ ಸರ್ಕಾರವನ್ನು ಖಂಡಿಸುವ ಗೊತ್ತುವಳಿ ಬಂದಾಗ 262 ಜನ ಅದರ ಪರ, 271 ಜನ ವಿರುದ್ಧ. ಬರೀ 9 ಓಟು. ಯುದ್ಧಕ್ಕೆ ಹೋದ ಸೈನಿಕರಲ್ಲಿ ನಮ್ಮ ಕಡೆಯವರೂ ಇದ್ದರು. ಮದರಾಸ್ ನೇಟಿವ್ ಇನ್‌ಫೆಂಟ್ರಿಯ 37ನೇ ರೆಜಿಮೆಂಟಿನ ಒಂದು ತುಕಡಿ 1841ರ ಮೇ ತಿಂಗಳಲ್ಲಿ ಕ್ಯಾಂಟನ್ ಹೊರಗಿನ ಸಾನ್‌ಯುವಾನ್‌ಲಿ ಹತ್ತಿರ ಮಳೆಯಲ್ಲಿ ಸಿಕ್ಕಿಕೊಂಡಿತು, ಬಂದೂಕಿನ ಮದ್ದು ನೆನೆದು ಹೋಯಿತು, ಹಳ್ಳಿಯವರು ಮುತ್ತಿಗೆ ಹಾಕಿದರು.

ಚೀನಾ ಸೋತ ಮೇಲೆ 1842ರ ಆಗಸ್ಟ್ 29ರಂದು ನಾನ್‌ಜಿಂಗ್ ಒಪ್ಪಂದ. ಸಹಿ ಹಾಕಿದ್ದು ಕಾರ್ನ್‌ವಾಲಿಸ್ ಅನ್ನೋ ಹಡಗಿನ ಮೇಲೆ. ಆ ಹಡಗನ್ನು ಕಟ್ಟಿದ್ದು ಬೊಂಬಾಯಿಯಲ್ಲಿ, ತೇಗದ ಮರದಲ್ಲಿ, ವಾಡಿಯಾ ಮನೆತನದವರು. ಹಾಂಗ್‌ಕಾಂಗ್ ಹೋಯಿತು, ಐದು ಬಂದರು ತೆರೆಯಿತು, ಇದೆಲ್ಲ ಶಾಲೆಯ ಪುಸ್ತಕದಲ್ಲೇ ಇರುತ್ತೆ. ನಾನು ಹೋಟೆಲ್ ರೂಮಿನಲ್ಲಿ ಕೂತು ಒಪ್ಪಂದದ ಪಾಠವನ್ನು ಒಂದೊಂದೇ ಕಲಂ ಓದಿದೆ. ಐದನೇ ಕಲಂಗೆ ಬಂದಾಗ ಎದ್ದು ಕೂತೆ. ಕೋಹಾಂಗ್ ರದ್ದು. ಇನ್ನು ಮೇಲೆ ಬ್ರಿಟಿಷ್ ವ್ಯಾಪಾರಿ ಯಾರ ಜೊತೆ ಬೇಕಾದರೂ ವ್ಯವಹಾರ ಮಾಡಬಹುದು. ಅದರ ಕೆಳಗೇ, ದಿವಾಳಿಯಾದ ಹಾಂಗ್ ವ್ಯಾಪಾರಿಗಳು ಬ್ರಿಟಿಷರಿಗೆ ಕೊಡಬೇಕಾದ ಬಾಕಿಗೆ 30 ಲಕ್ಷ ಡಾಲರನ್ನು ಚೀನಾ ಚಕ್ರವರ್ತಿ ಕೊಡತಕ್ಕದ್ದು.

ಉದ್ರಿ ಬಾಕಿ! ಎರಡು ದೇಶದ ಒಪ್ಪಂದದಲ್ಲಿ ಅಂಗಡಿಯ ಉದ್ರಿ ಬಾಕಿ ಬರೆದಿದ್ದಾರೆ. ಹಾಳಾದ ಅಫೀಮಿಗೆ 60 ಲಕ್ಷ, ಬಾಕಿಗೆ 30 ಲಕ್ಷ, ಯುದ್ಧದ ಖರ್ಚಿಗೆ 120 ಲಕ್ಷ. ಆ 30 ಲಕ್ಷದಲ್ಲಿ 10 ಲಕ್ಷ ಕೊಟ್ಟದ್ದು ಒಬ್ಬರೇ ಹಾಂಗ್ ವ್ಯಾಪಾರಿ, ವೂ ಬಿಂಗ್‌ಜಿಯಾನ್. ವಿದೇಶಿಯರು ಹೌಕ್ವಾ ಅಂತ ಕರೆಯುತ್ತಿದ್ದವರು. 1834ರಲ್ಲಿ ಅವರ ಆಸ್ತಿ 2 ಕೋಟಿ 60 ಲಕ್ಷ ಡಾಲರ್ ಅಂತ ಅಂದಾಜಿತ್ತು, ಪ್ರಪಂಚದ ದೊಡ್ಡ ಶ್ರೀಮಂತರಲ್ಲಿ ಒಬ್ಬರು. ಅವರ ಚಿತ್ರವನ್ನು ನೀವು ನೋಡಿರಬಹುದು. ಸಣಕಲು ಮೈ, ಒಳಗೆ ಹೋದ ಕೆನ್ನೆ, ಕೊರಳಲ್ಲಿ ಉದ್ದದ ಮಣಿಸರ. ದುಡ್ಡು ಕಟ್ಟಿದ ವರ್ಷವೇ, 1843ರಲ್ಲಿ, ತೀರಿಕೊಂಡರು. ಜೀವಮಾನವಿಡೀ ಬೇರೆಯವರ ಹಡಗಿಗೆ ಜಾಮೀನು ನಿಂತ ಮನುಷ್ಯ.

ಆ ಕಲಂನ ಫೋಟೋ ತೆಗೆದು, ಕನ್ನಡದಲ್ಲಿ ಅರ್ಥ ಬರೆದು ಅಪ್ಪನಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದರು. "60, 30, 120. ಸರಿ ಕಣೋ, ಕೂಡಿದೆ, 210 ಲಕ್ಷ. ಗಸಗಸೆ ಬೆಳೆದವನ ಹೆಸರು ಯಾವ ಸಾಲಲ್ಲಿದೆ?" ಅಂದರು. ಯಾವ ಸಾಲಲ್ಲೂ ಇಲ್ಲ ಅಪ್ಪ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ನನ್ನ ಆಸೆ ಒಂದಿದೆ. ಗುವಾಂಗ್‌ಝೌನ ಮ್ಯೂಸಿಯಂನಲ್ಲಾಗಲಿ, ಪಟ್ನಾದಲ್ಲಾಗಲಿ, ಒಂದು ಚಹಾ ಪೆಟ್ಟಿಗೆ ಮತ್ತು ಒಂದು ಅಫೀಮಿನ ಪೆಟ್ಟಿಗೆಯನ್ನು ಅಕ್ಕಪಕ್ಕ ಇಡಬೇಕು. ಪಕ್ಕದಲ್ಲಿ ರೈತನಿಗೆ ಕೊಟ್ಟ ಮುಂಗಡದ ಚೀಟಿ ಇರಬೇಕು. ಎರಡು ದೇಶದ ಮಕ್ಕಳೂ ಬಂದು ನೋಡಬೇಕು. ನಮ್ಮವರು ಚೀನಾಗೆ ಹೋದಾಗ ಬ್ರಿಟಿಷರು ಮಾಡಿದ್ದು ಅಂತ ಹೇಳಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬೆಳೆದದ್ದು ನಮ್ಮ ನೆಲದಲ್ಲಿ, ಸಾಗಿಸಿದವರಲ್ಲಿ ನಮ್ಮವರೂ ಇದ್ದರು, ಮೋಸ ಹೋದವರಲ್ಲೂ ನಮ್ಮವರೇ ಜಾಸ್ತಿ.

ಸಮಯ ಉಳಿದರೆ ಶಾಮಿಯೆನ್ ದ್ವೀಪಕ್ಕೂ ಹೋಗಿ, ಮ್ಯೂಸಿಯಂನಿಂದ ನಡೆದೇ ಹೋಗಬಹುದು. 1856ರಲ್ಲಿ ಹಳೇ ಕೋಠಿಗಳು ಸುಟ್ಟುಹೋದ ಮೇಲೆ ಬ್ರಿಟಿಷರು, ಫ್ರೆಂಚರು ಒಂದು ಮರಳು ದಿಬ್ಬವನ್ನು ಎತ್ತರಿಸಿ, ಸುತ್ತ ಕಾಲುವೆ ತೋಡಿ, ತಮ್ಮದೇ ಊರು ಕಟ್ಟಿಕೊಂಡರು. ಆಲದ ಮರಗಳ ನೆರಳು, ಹಳೇ ಬ್ಯಾಂಕು, ಚರ್ಚು, ಮದುವೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ಕಾಲುವೆಯ ಆಚೆ ದಡದ ರಸ್ತೆಯ ಹೆಸರು 6-2-3. 1925ರ ಜೂನ್ 23ರಂದು ಈ ದ್ವೀಪದ ಕಡೆಯಿಂದ ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು, 50ಕ್ಕೂ ಹೆಚ್ಚು ಜನ ಸತ್ತರು. ಆ ತಾರೀಖನ್ನೇ ರಸ್ತೆಗೆ ಇಟ್ಟಿದ್ದಾರೆ. ಸೇತುವೆ ಮೇಲೆ ಒಂದು ನಿಮಿಷ ನಿಂತು ಆ ಬೋರ್ಡ್ ನೋಡಿ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಹೂಮೆನ್ ಜಾಸ್ತಿ ಹಿಡಿಸುತ್ತದೆ. ಹೂಮೆನ್ ಸೇತುವೆಯ ಹತ್ತಿರ ವೇಯುವಾನ್ ಕೋಟೆಯೂ, ಫಿರಂಗಿಗಳೂ ಇವೆ, ಓಡಾಡೋಕೆ ಬಯಲಿದೆ. ವ್ಯಾಪಾರಿಗಳಿಗೆ, ಅದರಲ್ಲೂ ಏಜೆನ್ಸಿ ನಡೆಸುವವರಿಗೆ, ನನ್ನ ಓಟು ಹದಿಮೂರು ಹಾಂಗ್‌ಗಳ ಮ್ಯೂಸಿಯಂಗೆ. ಐದಕ್ಕೆ ಐದು ಕೊಡುತ್ತೇನೆ. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ, ಸೋಮವಾರ ಬೇಡ, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಶಾಲಾ ಮಕ್ಕಳ ಗದ್ದಲ ಇರುವುದಿಲ್ಲ.

ಮುಂದಿನ ಏಪ್ರಿಲ್ ಫೇರ್‌ಗೆ ಅಪ್ಪನಿಗೂ ವೀಸಾ ಮಾಡಿಸುತ್ತಿದ್ದೇನೆ. ಪಾಝೌಗೆ ಬರಲ್ಲ, ನೀನು ಹೋಗು, ನನ್ನನ್ನು ಆ ಪಾರ್ಕ್ ಹತ್ತಿರ ಬಿಡು ಅಂದಿದ್ದಾರೆ.